ನಂಬಿಕೆಯಿಲ್ಲದಿರುವುದೂ ಅಲ್ಲಗಳೆಯುವುದೂ: ಸಭಾಪಾಲನೆಯ ದೃಷ್ಟಿಯಿಂದ ಒಂದು ವಿವೇಚನೆ

ದೃಢೀಕರಣದ ತರಗತಿಯನ್ನು ನಡೆಸಿದ ಸಭಾಪಾಲಕರಲ್ಲಿ ಅನೇಕರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ತರಗತಿ ಮುಗಿದು ಉಳಿದವರೆಲ್ಲರೂ ಹೊರಟುಹೋದ ಮೇಲೆ ಒಬ್ಬ ಹುಡುಗನೋ ಹುಡುಗಿಯೋ ಹಿಂದೆ ನಿಂತು, “ಅಯ್ಯನವರೇ, ವಿಶ್ವಾಸಪ್ರಮಾಣವನ್ನು ಬಾಯಲ್ಲಿ ಹೇಳುತ್ತೇನೆ, ಆದರೆ ನನಗೆ ನಂಬಿಕೆ ಬರುತ್ತಾ ಇಲ್ಲ” ಎನ್ನುವುದುಂಟು. ಈ ಮಾತಿಗೆ ನಾವು ಕೊಡುವ ಉತ್ತರ ಆ ಯುವಕನ ಅಥವಾ ಯುವತಿಯ ಮುಂದಿನ ಬಾಳನ್ನೇ ನಿರ್ಧರಿಸಬಹುದು. ಕೆಲವರು ಇದನ್ನು ಬಂಡಾಯವೆಂದು ತಿಳಿದು ಗದರಿಸುತ್ತಾರೆ. ಕೆಲವರು ವಯಸ್ಸಿನ ಚಾಪಲ್ಯವೆಂದು ನಕ್ಕು ಕಳುಹಿಸುತ್ತಾರೆ. ಎರಡು ಉತ್ತರಗಳಲ್ಲಿಯೂ ಒಂದು ಪ್ರಶ್ನೆ ವಿಚಾರಿಸಲ್ಪಡದೆ ಉಳಿಯುತ್ತದೆ: ಈ ವ್ಯಕ್ತಿಯಲ್ಲಿ ನಂಬಿಕೆ ಇನ್ನೂ ಹುಟ್ಟಿಲ್ಲವೋ, ಅಥವಾ ಈ ವ್ಯಕ್ತಿಯು ಕ್ರಿಸ್ತನನ್ನು ಅಲ್ಲಗಳೆಯುತ್ತಿರುವನೋ? ಇವೆರಡೂ ಒಂದೇ ಏಣಿಯ ಮೇಲಿನ ಮತ್ತು ಕೆಳಗಿನ ಮೆಟ್ಟಿಲುಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಗಲ್ಲ, ಇವು ಎರಡು ಬೇರೆ ಬೇರೆ ಸಂಗತಿಗಳು ಎಂಬುದನ್ನು ಸತ್ಯವೇದ ಮತ್ತು ಸಭಾಚರಿತ್ರೆಯ ಆಧಾರದಿಂದ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ನುಡಿಯಲ್ಲಿ ಅಡಗಿರುವ ಭೇದ

“ದೇವರಿದ್ದಾನೆಂದು ನಾನು ನಂಬುವುದಿಲ್ಲ” ಮತ್ತು “ದೇವರಿಲ್ಲವೆಂದು ನಾನು ನಂಬುತ್ತೇನೆ” ಎಂಬ ಎರಡು ವಾಕ್ಯಗಳನ್ನು ಗಮನಿಸೋಣ. ಮೊದಲನೆಯದು ಹೇಳುವವನಲ್ಲಿ ಒಂದು ನಂಬಿಕೆ ಇಲ್ಲವೆಂದಷ್ಟೇ ತಿಳಿಸುತ್ತದೆ. ಎರಡನೆಯದು ಅವನಲ್ಲಿ ಬೇರೊಂದು ನಂಬಿಕೆ ಇದೆಯೆಂದು ತಿಳಿಸುತ್ತದೆ. ಮೊದಲನೆಯವನು ತೀರ್ಪನ್ನು ಕೊಟ್ಟಿಲ್ಲ, ಎರಡನೆಯವನು ಕೊಟ್ಟಿದ್ದಾನೆ. ತರ್ಕದ ದೃಷ್ಟಿಯಿಂದ ಈ ಭೇದ ಸ್ಪಷ್ಟವಾಗಿದ್ದರೂ ವ್ಯವಹಾರದ ಮಾತಿನಲ್ಲಿ ಅದು ಸುಲಭವಾಗಿ ಅಳಿಸಿಹೋಗುತ್ತದೆ. “ನಾಳೆ ಮಳೆ ಬರುತ್ತದೆಂದು ನನಗೆ ಅನಿಸುವುದಿಲ್ಲ” ಎಂದವನನ್ನು ನಾವು, ಮಳೆ ಬಾರದೆಂದೇ ಹೇಳಿದನೆಂದು ತಿಳಿಯುತ್ತೇವೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಆಂಟನಿ ಫ್ಲೂ 1972ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರಲ್ಲಿ ನಾಸ್ತಿಕತೆಯನ್ನು ಇದೇ ರೀತಿ ಎರಡಾಗಿ ವಿಂಗಡಿಸಿ, ದೇವರಿಲ್ಲವೆಂದು ಸಾಧಿಸುವವನನ್ನೂ ದೇವರನ್ನು ನಂಬದೆ ಇರುವವನನ್ನೂ ಬೇರ್ಪಡಿಸಿದನು. ವಾದದಲ್ಲಿ ಪ್ರಮಾಣವನ್ನು ಒದಗಿಸುವ ಭಾರ ಯಾರ ಮೇಲಿದೆ ಎಂಬುದು ಅವನ ಪ್ರಶ್ನೆಯಾಗಿತ್ತು. ನಮ್ಮ ಪ್ರಶ್ನೆ ಬೇರೆ: ಆತ್ಮಗಳ ಪಾಲನೆಯಲ್ಲಿ ಈ ಭೇದಕ್ಕೆ ಏನು ಅರ್ಥ?

ಈ ದೇಶದ ಶಾಸ್ತ್ರಪರಂಪರೆಯೂ ಇಲ್ಲಿ ನಮಗೆ ನೆರವಾಗುತ್ತದೆ. ನಿಷೇಧವನ್ನು ಸೂಚಿಸುವ ‘ಅ’ಕಾರಕ್ಕೆ ಸಂಸ್ಕೃತ ವೈಯಾಕರಣರು ಹೇಳುವ ಆರು ಅರ್ಥಗಳಲ್ಲಿ ಅಭಾವವೂ ಒಂದು, ವಿರೋಧವೂ ಒಂದು. ‘ಅಭಯ’ವೆಂದರೆ ಭಯವಿಲ್ಲದಿರುವುದು. ಆದರೆ ‘ಅಧರ್ಮ’ವೆಂದರೆ ಧರ್ಮವಿಲ್ಲದಿರುವುದಷ್ಟೇ ಅಲ್ಲ, ಧರ್ಮಕ್ಕೆ ಎದುರಾದುದು. ‘ಅವಿಶ್ವಾಸ’ವೆಂಬ ಪದ ಈ ಎರಡರ ನಡುವೆ ತೂಗಾಡುತ್ತದೆ. ರೂಪದಲ್ಲಿ ಅದು ಅಭಾವವಾಗಿದ್ದರೂ ಶಾಸನಸಭೆಯಲ್ಲಿ ಅವಿಶ್ವಾಸ ನಿರ್ಣಯ ಮಂಡನೆಯಾದಾಗ ಅದು ನೇರವಾದ ವಿರೋಧವೇ ಸರಿ. ‘ಅಪನಂಬಿಕೆ’ ಎಂಬ ಮಾತಿಗೂ ಲೋಕರೂಢಿಯಲ್ಲಿ ಸಂಶಯ, ಶಂಕೆ ಎಂಬ ಕಹಿ ಅಂಟಿಕೊಂಡಿದೆ. ಆದುದರಿಂದ ಬೋಧಕನು ಪೀಠದಿಂದ ‘ಅಪನಂಬಿಕೆ’ ಎಂದಾಗ ಅಭಾವವನ್ನು ಸೂಚಿಸಿದರೂ ಕೇಳುವವನ ಕಿವಿಗೆ ಆಪಾದನೆಯೇ ಬೀಳಬಹುದು.

ಕನ್ನಡದಲ್ಲಿ ಮತ್ತೊಂದು ಅನುಕೂಲವಿದೆ. ‘ಇಲ್ಲ’ ಮತ್ತು ‘ಅಲ್ಲ’ ಎಂಬ ಎರಡು ನಿಷೇಧಪದಗಳನ್ನು ನಮ್ಮ ನುಡಿ ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ‘ನಂಬಿಕೆ ಇಲ್ಲ’ ಎಂಬುದು ಒಂದು ವಸ್ತುವಿನ ಅಭಾವವನ್ನು ತಿಳಿಸುತ್ತದೆ. ‘ಆತನು ನನ್ನ ಕರ್ತನಲ್ಲ’ ಎಂಬುದು ಒಂದು ಸಂಬಂಧವನ್ನು ತಳ್ಳಿಹಾಕುತ್ತದೆ. ‘ಅಲ್ಲಗಳೆ’ ಎಂಬ ಕ್ರಿಯಾಪದ ಹುಟ್ಟಿರುವುದು ‘ಅಲ್ಲ’ದಿಂದಲೇ. ಯಾವುದಾದರೂ ಒಂದು ನಮ್ಮ ಮುಂದೆ ಬಂದು ನಿಂತ ಹೊರತು ಅದನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ಅಂದರೆ ಅಲ್ಲಗಳೆಯುವುದು ಒಂದು ಕ್ರಿಯೆ, ಅದಕ್ಕೆ ಮೊದಲೇ ಒಂದು ಪರಿಚಯ ಅಗತ್ಯ.

2. ಗ್ರೀಕ್ ಒಡಂಬಡಿಕೆಯ ಎರಡು ಜೋಡಿಗಳು

ಹೊಸ ಒಡಂಬಡಿಕೆಯು ಈ ಎರಡು ಸಂಗತಿಗಳಿಗೆ ಎರಡು ಪದಕುಟುಂಬಗಳನ್ನು ಬಳಸುತ್ತದೆ. ಒಂದು ‘ಅಪಿಸ್ತಿಯಾ’, ಅಂದರೆ ‘ಪಿಸ್ತಿಸ್’ ಎಂಬ ನಂಬಿಕೆಯು ಇಲ್ಲದಿರುವುದು. ಇನ್ನೊಂದು ‘ಅರ್ನೆಯೊಮಾಯ್’, ಅಂದರೆ ಅಲ್ಲವೆನ್ನುವುದು, ತನಗೆ ಸಂಬಂಧವಿಲ್ಲವೆಂದು ಹೇಳಿಬಿಡುವುದು. ಇವುಗಳ ವಿರುದ್ಧಪದಗಳನ್ನು ಗಮನಿಸಿದರೆ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಅಪಿಸ್ತಿಯಾಕ್ಕೆ ಎದುರಾದುದು ನಂಬಿಕೆ. ಆದರೆ ಅಲ್ಲಗಳೆಯುವುದಕ್ಕೆ ಎದುರಾಗಿ ನಿಲ್ಲುವುದು ‘ಹೊಮೊಲೊಗೆಯೊ’, ಅಂದರೆ ಬಹಿರಂಗವಾಗಿ ಒಪ್ಪಿಕೊಳ್ಳುವುದು. ಮತ್ತಾಯ 10:32-33ರಲ್ಲಿ ಜನರ ಮುಂದೆ ಒಪ್ಪಿಕೊಳ್ಳುವವನೂ ಅಲ್ಲಗಳೆಯುವವನೂ ಜೊತೆಜೊತೆಯಾಗಿ ಬರುತ್ತಾರೆ. ಯೋಹಾನ 1:20ರಲ್ಲಿ ಸ್ನಾನಿಕನ ಸಾಕ್ಷಿಯನ್ನು ವರ್ಣಿಸುವಾಗಲೂ 1 ಯೋಹಾನ 2:23ರಲ್ಲಿಯೂ ಇದೇ ಜೋಡಿ ಕಾಣಿಸುತ್ತದೆ.

ಎರಡು ಜೋಡಿಗಳು ಬೇರೆಬೇರೆಯಾಗಿರುವುದರಿಂದ ಒಂದಿದ್ದು ಮತ್ತೊಂದಿಲ್ಲದಿರುವುದೂ ಸಾಧ್ಯ. ಯೋಹಾನ 12:42-43ರಲ್ಲಿ ಹಿರಿಯ ಅಧಿಕಾರಿಗಳಲ್ಲಿ ಅನೇಕರು ಯೇಸುವನ್ನು ನಂಬಿದರೂ ಸಭಾಮಂದಿರದಿಂದ ಹೊರಗೆ ಹಾಕಲ್ಪಡುವ ಭಯದಿಂದ ಅದನ್ನು ಒಪ್ಪಿಕೊಳ್ಳಲಿಲ್ಲವೆಂದು ಸುವಾರ್ತಿಕನು ಹೇಳುತ್ತಾನೆ. ಅವರಲ್ಲಿ ನಂಬಿಕೆಯಿತ್ತು, ಒಪ್ಪಿಕೊಳ್ಳುವಿಕೆ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ, ಮಾರ್ಕ 9ನೆಯ ಅಧ್ಯಾಯದಲ್ಲಿ ರೋಗಗ್ರಸ್ತ ಮಗನ ತಂದೆ ತನ್ನಲ್ಲಿ ನಂಬಿಕೆಯ ಕೊರತೆಯಿದೆಯೆಂದು ಕೂಗಿ ಹೇಳುತ್ತಾ ಅದೇ ಉಸಿರಿನಲ್ಲಿ ಯೇಸುವಿನ ಸಹಾಯವನ್ನು ಬೇಡುತ್ತಾನೆ. ಅಲ್ಲಿರುವ ಪದ ಅಪಿಸ್ತಿಯಾ. ಆದರೆ ಆ ಮನುಷ್ಯನು ಯಾರನ್ನೂ ಅಲ್ಲಗಳೆದಿಲ್ಲ. ತನ್ನ ಕೊರತೆಯನ್ನೇ ಪ್ರಾರ್ಥನೆಯನ್ನಾಗಿ ಮಾಡಿ ಕರ್ತನ ಮುಂದೆ ಇಟ್ಟಿದ್ದಾನೆ. ಅವನ ಮಗನು ಗುಣವಾಗಲು ಆ ಕೊರತೆ ಅಡ್ಡಿಯಾಗಲಿಲ್ಲ.

ಈ ಎರಡು ಕ್ರಿಯಾಪದಗಳು ಪಕ್ಕಪಕ್ಕದಲ್ಲಿ ಬರುವ ವಚನ 2 ತಿಮೊಥೆಯ 2:12-13. ನಾವು ಆತನನ್ನು ಅಲ್ಲಗಳೆದರೆ ಆತನೂ ನಮ್ಮನ್ನು ಅಲ್ಲಗಳೆಯುವನೆಂದು ಮೊದಲು ಹೇಳಲಾಗಿದೆ. ಆದರೆ ನಾವು ಅಪಿಸ್ತಿಯಾಕ್ಕೆ ಒಳಗಾದರೆ ಫಲಿತಾಂಶ ಅದಕ್ಕೆ ಸರಿಸಮಾನವಾಗಿಲ್ಲ: ಆತನು ನಂಬಿಗಸ್ತನಾಗಿಯೇ ಉಳಿಯುತ್ತಾನೆ, ತನ್ನನ್ನು ತಾನೇ ಅಲ್ಲಗಳೆಯಲಾರನು. ಇಲ್ಲಿ ಆ ಕ್ರಿಯಾಪದವನ್ನು ‘ನಂಬದೆ ಹೋಗು’ ಎಂದು ತಿಳಿಯಬೇಕೋ ‘ನಂಬಿಗಸ್ತರಲ್ಲದೆ ಹೋಗು’ ಎಂದು ತಿಳಿಯಬೇಕೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಾಭಿಪ್ರಾಯವಿದೆ. ಯಾವ ಅರ್ಥವನ್ನು ಹಿಡಿದರೂ ಒಂದು ಮಾತು ನಿಲ್ಲುತ್ತದೆ: ನಮ್ಮ ಕೊರತೆಗೂ ನಮ್ಮ ನಿರಾಕರಣೆಗೂ ದೇವರಿಂದ ಬರುವ ಪ್ರತ್ಯುತ್ತರ ಒಂದೇ ಆಗಿಲ್ಲ.

3. ಪೇತ್ರ ಮತ್ತು ತೋಮ

ಶಿಷ್ಯರಲ್ಲಿ ಇಬ್ಬರನ್ನು ಪರಸ್ಪರ ಹೋಲಿಸಿದರೆ ಈ ಭೇದ ಜೀವಂತವಾಗಿ ಕಾಣುತ್ತದೆ. ಅದರೊಂದಿಗೆ ಒಂದು ಎಚ್ಚರಿಕೆಯೂ ದೊರೆಯುತ್ತದೆ.

ಮಹಾಯಾಜಕನ ಅಂಗಳದಲ್ಲಿ ಪೇತ್ರನು ತನ್ನ ಗುರುವನ್ನು ಮೂರು ಸಾರಿ ಅಲ್ಲಗಳೆದನು. ಆಗ ಅವನಲ್ಲಿ ನಂಬಿಕೆ ಇರಲಿಲ್ಲವೇ? ಲೂಕ 22:32ರ ಪ್ರಕಾರ ಅವನ ನಂಬಿಕೆ ಕುಂದದಂತೆ ಯೇಸು ಮೊದಲೇ ಬೇಡಿಕೊಂಡಿದ್ದನು. ಅವನು ಅಷ್ಟು ದೂರ ಹಿಂಬಾಲಿಸಿ ಬಂದುದೇ ಪ್ರೀತಿಯಿಂದ. ಅವನು ತಪ್ಪಿದ್ದು ಬಾಯಿಮಾತಿನಲ್ಲಿ, ಜನರ ಮುಂದೆ, ಭಯದಿಂದ. ಮಾರ್ಕನ ಸುವಾರ್ತೆಯಲ್ಲಿ ಅವನ ನಿರಾಕರಣೆ ಯಾವ ವೇಷದಲ್ಲಿ ಬರುತ್ತದೆಂಬುದನ್ನು ಗಮನಿಸಬೇಕು. ಆ ಮನುಷ್ಯನನ್ನು ತಾನು ಅರಿಯೆನೆಂದು ಅವನು ಹೇಳುತ್ತಾನೆ. ಅಂದರೆ ನಿರಾಕರಣೆಯು ಅಜ್ಞಾನದ, ಅಭಾವದ ಉಡುಪನ್ನು ಧರಿಸಿದೆ. ಯೋಹಾನನ ಸುವಾರ್ತೆಯಲ್ಲಾದರೋ ತಾನು ಅವನ ಶಿಷ್ಯನಲ್ಲವೆಂಬ ನೇರವಾದ ‘ಅಲ್ಲ’ವೇ ಕೇಳಿಬರುತ್ತದೆ. ತೋಟದಲ್ಲಿ ತನ್ನನ್ನು ಹಿಡಿಯಬಂದವರಿಗೆ ಯೇಸು ತಾನೇ ಅವನೆಂದು ಒಪ್ಪಿಕೊಂಡ ಅದೇ ರಾತ್ರಿಯಲ್ಲಿ ಶಿಷ್ಯನು ತಾನಲ್ಲವೆಂದನು.

ತೋಮನ ಸಂಗತಿ ತಲೆಕೆಳಗಾಗಿದೆ. ಗಾಯದ ಗುರುತುಗಳನ್ನು ಕಂಡು ಮುಟ್ಟಿದ ಹೊರತು ತಾನು ನಂಬುವುದೇ ಇಲ್ಲವೆಂದು ಅವನು ಕಟುವಾಗಿ ನುಡಿದನು. ಕಿವಿಗೆ ಇದು ನಿರಾಕರಣೆಯಂತೆಯೇ ಕೇಳಿಸುತ್ತದೆ. ಆದರೆ ಅವನ ಮಾತಿನಲ್ಲಿ ‘ಹೊರತು’ ಎಂಬ ಬಾಗಿಲು ತೆರೆದೇ ಇದೆ. ಎಂಟು ದಿನಗಳ ಬಳಿಕ ಶಿಷ್ಯರು ಕೂಡಿದ್ದಾಗ ಅವನೂ ಅವರ ಸಂಗಡ ಅಲ್ಲಿಯೇ ಇದ್ದನು. ಅವನನ್ನು ಉಳಿದವರು ಹೊರಗೆ ಹಾಕಿರಲಿಲ್ಲ, ಅವನೂ ಬಿಟ್ಟುಹೋಗಿರಲಿಲ್ಲ. ಕರ್ತನು ಅವನಿಗೆ ಬೇಕಾದುದನ್ನೇ ಮುಂದಿಟ್ಟನು. ನಂಬದವನಾಗಿರದೆ ನಂಬುವವನಾಗು ಎಂಬರ್ಥದ ಮಾತಿನಲ್ಲಿ ಬರುವ ಪದ ‘ಅಪಿಸ್ತೊಸ್’, ಅಂದರೆ ನಂಬಿಕೆಯಿಲ್ಲದವನು. ಅಲ್ಲಗಳೆದವನು ಎಂದು ಕರ್ತನು ಅವನನ್ನು ಕರೆಯಲಿಲ್ಲ.

ಹೀಗೆ ಪೇತ್ರನ ನಿರಾಕರಣೆ ಅಭಾವದ ಮಾತಿನಲ್ಲಿಯೂ ತೋಮನ ಅಭಾವ ನಿರಾಕರಣೆಯ ಮಾತಿನಲ್ಲಿಯೂ ಹೊರಬಂದಿವೆ. ಬಾಯಿಂದ ಬಂದ ವಾಕ್ಯವನ್ನಷ್ಟೇ ಹಿಡಿದು ತೀರ್ಪು ಕೊಡುವ ಸಭಾಪಾಲಕನು ಎರಡು ಕಡೆಯಲ್ಲಿಯೂ ಮೋಸಹೋಗುವನು. “ದೇವರಿಲ್ಲ” ಎಂದು ಕೂಗುವ ಹುಡುಗನೊಬ್ಬನು ತನ್ನ ತಾಯಿಯ ಮರಣವನ್ನು ಸಹಿಸಲಾರದೆ ತೋಮನಂತೆ ಗಾಯದ ಗುರುತುಗಳನ್ನು ಹುಡುಕುತ್ತಿರಬಹುದು. “ಅದೆಲ್ಲ ನನಗೆ ಗೊತ್ತಿಲ್ಲ ಸ್ವಾಮಿ” ಎಂದು ಜಾರಿಕೊಳ್ಳುವ ಗೌರವಸ್ಥನು ಪೇತ್ರನಂತೆ ಬೆಂಕಿ ಕಾಯಿಸಿಕೊಳ್ಳುತ್ತಿರಬಹುದು.

4. ಹಿಂಸೆಯ ಕಾಲದಲ್ಲಿ ಸಭೆ ಕಲಿತದ್ದು

ಆದಿಸಭೆಗೆ ಈ ಭೇದವನ್ನು ರಕ್ತದ ಬೆಲೆ ಕೊಟ್ಟು ಕಲಿಯಬೇಕಾಯಿತು. ಸುಮಾರು 112ರಲ್ಲಿ ಬಿಥೂನ್ಯದ ಅಧಿಪತಿಯಾಗಿದ್ದ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ ತಾನು ವಿಚಾರಿಸಿದ ಜನರನ್ನು ವಿಂಗಡಿಸುತ್ತಾನೆ. ಕ್ರೈಸ್ತರೆಂದು ಒಪ್ಪಿಕೊಂಡವರು ಕೆಲವರು, ತಾವೆಂದೂ ಕ್ರೈಸ್ತರಾಗಿರಲಿಲ್ಲವೆಂದವರು ಕೆಲವರು, ಹಿಂದೆ ಆಗಿದ್ದೆವು ಈಗ ಬಿಟ್ಟಿದ್ದೇವೆಂದವರು ಇನ್ನು ಕೆಲವರು. ಕೊನೆಯ ಎರಡು ಗುಂಪಿನವರಿಂದಲೂ ಅವನು ಬಯಸಿದ್ದು ಕ್ರಿಯೆಯನ್ನು: ದೇವತೆಗಳನ್ನು ಸ್ತುತಿಸಿ, ಚಕ್ರವರ್ತಿಯ ಪ್ರತಿಮೆಗೆ ಧೂಪ ದ್ರಾಕ್ಷಾರಸಗಳನ್ನು ಅರ್ಪಿಸಿ, ಕ್ರಿಸ್ತನನ್ನು ಶಪಿಸಬೇಕು. ನಿಜವಾದ ಕ್ರೈಸ್ತರಿಂದ ಇವನ್ನು ಮಾಡಿಸಲಾಗದೆಂದು ತಾನು ಕೇಳಿರುವುದಾಗಿ ಅವನೇ ಬರೆಯುತ್ತಾನೆ. ಒಬ್ಬ ವ್ಯಕ್ತಿಯಲ್ಲಿ ಎಷ್ಟು ನಂಬಿಕೆಯಿದೆ ಎಂಬುದನ್ನು ರೋಮಿನ ನ್ಯಾಯಸ್ಥಾನ ಅಳೆಯಲಾರದು. ಅವನು ಅಲ್ಲಗಳೆಯುವನೇ ಎಂಬುದನ್ನು ಮಾತ್ರ ಅದು ಪರೀಕ್ಷಿಸಬಲ್ಲದು.

250ರಲ್ಲಿ ಡೇಸಿಯಸ್ ಚಕ್ರವರ್ತಿಯ ಆಜ್ಞೆಯಂತೆ ಸಾಮ್ರಾಜ್ಯದ ನಿವಾಸಿಗಳು ಬಲಿಯನ್ನು ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕಾಯಿತು. ಇಂಥ ನಾಲ್ವತ್ತಕ್ಕೂ ಹೆಚ್ಚು ಪತ್ರಗಳು ಐಗುಪ್ತದ ಮರಳಿನಲ್ಲಿ ದೊರೆತಿವೆ. ಕೆಲವು ಕ್ರೈಸ್ತರು ಬಲಿಯನ್ನೇ ಅರ್ಪಿಸಿದರು, ಕೆಲವರು ಧೂಪವನ್ನು ಮಾತ್ರ ಹಾಕಿದರು. ಇನ್ನು ಕೆಲವರು ಏನನ್ನೂ ಅರ್ಪಿಸದೆ ಹಣಕೊಟ್ಟು ಪತ್ರವನ್ನು ಕೊಂಡುಕೊಂಡರು. ಈ ಮೂರನೆಯವರ ಹೃದಯದಲ್ಲಿ ಕ್ರಿಸ್ತನ ಮೇಲಣ ನಂಬಿಕೆ ಅಳಿದಿರಲಿಲ್ಲ, ಕೈಯಲ್ಲಿ ಮಾತ್ರ ನಿರಾಕರಣೆಯ ಕಾಗದವಿತ್ತು. ಕಾರ್ಥೇಜಿನ ಬಿಷಪ್ ಸಿಪ್ರಿಯನನು ಇದನ್ನೂ ಪಾಪವೆಂದೇ ಎಣಿಸಿದನು, ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರು ಪತ್ರವನ್ನು ಕೊಂಡವರ ಸಂಗತಿಯನ್ನು ಒಬ್ಬೊಬ್ಬರದಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದೆಂದೂ, ಬಲಿಯರ್ಪಿಸಿದವರು ಪಶ್ಚಾತ್ತಾಪದಲ್ಲಿಯೇ ಇದ್ದು ಮರಣದ ಹೊತ್ತಿಗೆ ಸಮಾಧಾನ ಹೊಂದಬಹುದೆಂದೂ ತೀರ್ಮಾನಿಸಿದರು. ಕೆಲಕಾಲದಲ್ಲಿಯೇ ಮತ್ತೊಂದು ಹಿಂಸೆಯ ಸೂಚನೆ ಕಂಡಾಗ ಪಶ್ಚಾತ್ತಾಪಪಡುತ್ತಿದ್ದವರೆಲ್ಲರನ್ನೂ ಸೇರಿಸಿಕೊಳ್ಳಲಾಯಿತು. ರೋಮಿನ ನೊವಾತಿಯನನ ಪಕ್ಷದವರು ಇದನ್ನು ಒಪ್ಪದೆ ಬೇರೆಯಾದರು. ಸಾರ್ವತ್ರಿಕ ಸಭೆಯಾದರೋ ಬಾಗಿಲನ್ನು ಮುಚ್ಚದಿರುವ ದಾರಿಯನ್ನೇ ಹಿಡಿಯಿತು.

5. ಅಕ್ವಿನನ ವಿಂಗಡಣೆ ಮತ್ತು ಒಂದು ಆಕ್ಷೇಪ

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನನು ತನ್ನ ದೇವಶಾಸ್ತ್ರಸಂಗ್ರಹದ ಎರಡನೆಯ ಭಾಗದ ಉತ್ತರಾರ್ಧದಲ್ಲಿ, ಹತ್ತನೆಯ ಪ್ರಶ್ನೆಯ ಮೊದಲ ಪರಿಚ್ಛೇದದಲ್ಲಿಯೇ, ಈ ವಿಷಯವನ್ನು ಎತ್ತಿಕೊಳ್ಳುತ್ತಾನೆ. ನಂಬಿಕೆಯಿಲ್ಲದಿರುವುದನ್ನು ಎರಡು ರೀತಿಯಲ್ಲಿ ತಿಳಿಯಬಹುದು ಎಂಬುದು ಅವನ ಮಾತು. ಒಂದು ಕೇವಲ ಅಭಾವ: ಸುವಾರ್ತೆಯನ್ನೇ ಕೇಳದವನಲ್ಲಿ ಇರುವ ಸ್ಥಿತಿ. ಇದು ಸ್ವತಃ ಪಾಪವಲ್ಲ. ಮಾನವಕುಲದ ಪತನದ ಪರಿಣಾಮವೆಂದು, ದಂಡನೆಯ ಸ್ವರೂಪವುಳ್ಳದ್ದೆಂದು ಅದನ್ನು ಎಣಿಸಬೇಕು. ಮತ್ತೊಂದು ವಿರೋಧ: ಕೇಳಿದ ನಂಬಿಕೆಯನ್ನು ಎದುರಿಸುವುದು ಅಥವಾ ತಿರಸ್ಕರಿಸುವುದು. ಪಾಪವೆಂಬ ಹೆಸರು ಇದಕ್ಕೇ ಸಲ್ಲುತ್ತದೆ. ಕೇಳದೆ ಹೇಗೆ ನಂಬುವರೆಂದು ರೋಮಾಪುರದವರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಪೌಲನು ಕೇಳುವ ಪ್ರಶ್ನೆಯೂ ಇದನ್ನೇ ಸೂಚಿಸುತ್ತದೆ. ಕೇಳಿ ನಂಬಿದವರಲ್ಲಿಯೂ ಕೊರತೆ ಉಳಿಯುತ್ತದೆಂಬುದನ್ನು ಸುಧಾರಣೆಯ ಕಾಲದ ಕ್ಯಾಲ್ವಿನನು ಒಪ್ಪಿಕೊಳ್ಳುತ್ತಾನೆ: ಸಂದೇಹದ ಸೋಂಕೇ ಇಲ್ಲದ ನಿಶ್ಚಯವನ್ನು ತಾನು ಕಲ್ಪಿಸಿಕೊಳ್ಳುತ್ತಿಲ್ಲವೆಂಬುದು ಅವನ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಯೋಹಾನ 3:18ರಲ್ಲಿ ನಂಬದವನಿಗೆ ಈಗಾಗಲೇ ತೀರ್ಪಾಯಿತೆಂದು ಹೇಳಲಾಗಿದೆಯಲ್ಲವೇ? ಅಲ್ಲಗಳೆಯದೆ ಸುಮ್ಮನೆ ನಂಬದಿದ್ದರೂ ಸಾಕು ಎಂದಾಗಲಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಮುಂದಿನ ವಚನವೇ ಆ ತೀರ್ಪನ್ನು ವಿವರಿಸುತ್ತದೆ: ಬೆಳಕು ಲೋಕಕ್ಕೆ ಬಂದಾಗ ಮನುಷ್ಯರು ಕತ್ತಲೆಯನ್ನು ಹೆಚ್ಚಾಗಿ ಪ್ರೀತಿಸಿದರು. ಇದು ಬೆಳಕಿನೆದುರು ನಿಂತು ಮಾಡಿದ ಆಯ್ಕೆಯ ವಿಷಯ, ಬೆಳಕನ್ನೇ ಕಾಣದವನ ವಿಷಯವಲ್ಲ. ಇಬ್ರಿಯರಿಗೆ ಬರೆದ ಪತ್ರವು ಅರಣ್ಯದಲ್ಲಿ ಬಿದ್ದವರ ಅಪಿಸ್ತಿಯಾವನ್ನು ಖಂಡಿಸುವಾಗಲೂ ಅವರು ದೇವರ ಸ್ವರವನ್ನು ಕೇಳಿದವರೆಂಬುದನ್ನು ಮರೆಯುವುದಿಲ್ಲ. ಹಾಗಾದರೆ ಅಭಾವವು ನಿರಪಾಯವಾದುದೆಂದು ಹೇಳಿದಂತಾಗುವುದಿಲ್ಲ. ಕೇಳುತ್ತಾ ಕೇಳುತ್ತಾ ಹೃದಯವನ್ನು ಗಟ್ಟಿಮಾಡಿಕೊಂಡರೆ ಅದು ನಿರಾಕರಣೆಯಾಗಿ ಮಾರ್ಪಡಬಲ್ಲದು. ಆದರೆ ಹಾಗೆ ಮಾರ್ಪಡಬಲ್ಲದ್ದು ಈಗಾಗಲೇ ಮಾರ್ಪಟ್ಟಿದೆಯೆಂದು ನಾವು ತೀರ್ಮಾನಿಸಬಾರದು. ತಾನು ತಿಳಿಯದೆ, ನಂಬಿಕೆಯಿಲ್ಲದವನಾಗಿ ಮಾಡಿದುದರಿಂದ ಕರುಣೆ ಹೊಂದಿದೆನೆಂದು 1 ತಿಮೊಥೆಯ 1:13ರಲ್ಲಿ ಹೇಳುವವನು ಸಭೆಯನ್ನೇ ಹಿಂಸಿಸಿದ ಪೌಲನು.

6. ನಮ್ಮ ಸೇವೆಗೆ ಇದರ ಅನ್ವಯ

ಮೊದಲನೆಯದಾಗಿ, ನಂಬಿಕೆಯಿಲ್ಲವೆಂದು ಹೇಳಿಕೊಳ್ಳುವವರಿಗೆ ಬೇಕಾದುದು ವಾಕ್ಯ, ಸಮಯ ಮತ್ತು ಸಹವಾಸ. ಇಲ್ಲದ ನಂಬಿಕೆಯನ್ನು ಇದೆಯೆಂದು ಅವರ ಬಾಯಿಂದ ಹೇಳಿಸುವುದು ಪಾಲನೆಯಲ್ಲ. ಹಾಗೆ ಹೇಳಿಸಿದರೆ ಅಭಾವ ತುಂಬುವುದಿಲ್ಲ, ಅದರ ಮೇಲೆ ಒಂದು ಸುಳ್ಳು ಕೂಡುತ್ತದೆ. ದೃಢೀಕರಣವನ್ನು ಒಂದು ವರ್ಷ ಮುಂದಕ್ಕೆ ಹಾಕುವುದರಿಂದ ಯಾವ ಕುಟುಂಬದ ಮಾನವೂ ಹೋಗುವುದಿಲ್ಲ ಎಂದು ತಂದೆತಾಯಿಗಳಿಗೆ ಹೇಳುವ ಧೈರ್ಯ ನಮಗಿರಬೇಕು. ಅನ್ಯಧರ್ಮದ ಪತಿ ಅಥವಾ ಪತ್ನಿಯೊಂದಿಗೆ ಬಾಳುವ ವಿಶ್ವಾಸಿಗಳ ವಿಷಯದಲ್ಲಿಯೂ ಇದೇ ನಿಯಮ. 1 ಕೊರಿಂಥ 7ರಲ್ಲಿ ಅಪೊಸ್ತಲನು ಆ ಸಂಗಾತಿಯನ್ನು ‘ಅಪಿಸ್ತೊಸ್’ ಎನ್ನುತ್ತಾನೆ, ಮತ್ತು ಆ ಸಂಗಾತಿ ಒಟ್ಟಿಗೆ ಬಾಳಲು ಒಪ್ಪಿದರೆ ಬಿಡಬಾರದೆನ್ನುತ್ತಾನೆ. ವೈರಿಯೆಂದು ಅವನು ಕರೆಯದವರನ್ನು ನಾವು ವೈರಿಯೆಂದು ಕರೆಯಬಾರದು.

ಎರಡನೆಯದಾಗಿ, ನಿರಾಕರಣೆಯನ್ನು ನಾವು ಸಭೆಯ ಹೊರಗೆ ಹುಡುಕುವ ಅಭ್ಯಾಸವನ್ನು ಬಿಡಬೇಕು. ಅಲ್ಲಗಳೆಯಲು ಪರಿಚಯ ಅಗತ್ಯವಾದರೆ, ಅಲ್ಲಗಳೆಯುವ ಶೋಧನೆ ಹೆಚ್ಚಾಗಿರುವುದು ಪರಿಚಿತರಿಗೇ. ತನ್ನ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯನ್ನು ಅಲ್ಲಗಳೆದವನೂ ನಂಬದವನಿಗಿಂತ ಕೆಟ್ಟವನೂ ಆಗಿದ್ದಾನೆಂದು 1 ತಿಮೊಥೆಯ 5:8 ಎರಡು ಪದಗಳನ್ನೂ ಒಂದೇ ವಾಕ್ಯದಲ್ಲಿ ತಂದು ತೀರ್ಪು ಹೇಳುತ್ತದೆ. ದೇವರನ್ನು ಬಲ್ಲೆವೆಂದು ಹೇಳಿಕೊಂಡು ಕೃತ್ಯಗಳಿಂದ ಅಲ್ಲಗಳೆಯುವವರನ್ನು ತೀತ 1:16 ಹೆಸರಿಸುತ್ತದೆ. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಂಡು, ಮದುವೆಯ ಮಾತು ಬಂದಾಗ ಜಾತಿಯನ್ನು ವಿಚಾರಿಸುವ ನಮ್ಮ ಸಭೆಗಳಿಗೆ ಈ ವಚನ ಅನ್ವಯಿಸದೆ? ತರಗತಿಯ ಕೊನೆಯಲ್ಲಿ ಹಿಂದೆ ನಿಂತು ಅಳುಕುತ್ತಾ ಪ್ರಶ್ನೆ ಕೇಳಿದ ಹುಡುಗಿ ಏನನ್ನೂ ಅಲ್ಲಗಳೆದಿಲ್ಲ. ಅಲ್ಲಗಳೆದವರು ವಿಶ್ವಾಸಪ್ರಮಾಣವನ್ನು ಗಟ್ಟಿಯಾಗಿ ಹೇಳಿದ ಮುಂದಿನ ಸಾಲಿನವರಿರಬಹುದು, ಬೋಧಕರಾದ ನಾವೂ ಇರಬಹುದು.

ಮೂರನೆಯದಾಗಿ, ನಿರಾಕರಣೆಗೂ ಒಂದು ಕೊನೆಯುಂಟು. ನ್ಯಾಯದರ್ಶನದ ತಾರ್ಕಿಕರು ಅಭಾವವನ್ನು ವಿಂಗಡಿಸುವಾಗ, ಗಡಿಗೆ ಹುಟ್ಟುವ ಮುಂಚಿನ ಅಭಾವವನ್ನು ಪ್ರಾಗಭಾವವೆಂದೂ ಒಡೆದ ಮೇಲಿನ ಅಭಾವವನ್ನು ಪ್ರಧ್ವಂಸಾಭಾವವೆಂದೂ ಕರೆಯುತ್ತಾರೆ. ಮೊದಲನೆಯದಕ್ಕೆ ಆದಿಯಿಲ್ಲ, ಗಡಿಗೆ ಹುಟ್ಟಿದಾಗ ಅಂತ್ಯವಿದೆ. ಎರಡನೆಯದಕ್ಕೆ ಆದಿಯಿದೆ, ಅಂತ್ಯವಿಲ್ಲ. ಒಡೆದ ಗಡಿಗೆ ಮತ್ತೆ ಅದೇ ಗಡಿಗೆಯಾಗದು. ಇನ್ನೂ ನಂಬದವನನ್ನು ಪ್ರಾಗಭಾವದ ಸ್ಥಿತಿಯಲ್ಲಿರುವವನೆಂದು ನಿರೀಕ್ಷೆಯಿಂದ ನೋಡಲು ಈ ವಿಂಗಡಣೆ ನಮಗೆ ಕಲಿಸುತ್ತದೆ. ಆದರೆ ಒಡೆದುದರ ವಿಷಯದಲ್ಲಿ ಸುವಾರ್ತೆಯು ತರ್ಕವನ್ನು ಮೀರುತ್ತದೆ. ಪೇತ್ರನು ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಬಳಿಯಲ್ಲಿ. ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಮತ್ತೆ ಬರುವುದು ಒಂದೇ ಸಾರಿ, ತಿಬೇರಿಯ ಸಮುದ್ರದ ದಡದಲ್ಲಿ ಎದ್ದುಬಂದ ಕರ್ತನು ಶಿಷ್ಯರಿಗೆ ಊಟ ಸಿದ್ಧಮಾಡಿದಾಗ. ಅಲ್ಲಿ ಆತನು ಪೇತ್ರನಿಗೆ ಮೂರು ಸಾರಿ ಕೇಳಿದ್ದು ನಂಬಿಕೆಯ ಪ್ರಶ್ನೆಯನ್ನಲ್ಲ, ಪ್ರೀತಿಯ ಪ್ರಶ್ನೆಯನ್ನು. ಮುರಿದದ್ದು ಅಭಿಪ್ರಾಯವಲ್ಲ, ಸಂಬಂಧವಾಗಿತ್ತು. ಕಟ್ಟಬೇಕಾದದ್ದೂ ಅದನ್ನೇ.

ಆದುದರಿಂದ ತರಗತಿ ಮುಗಿದ ಮೇಲೆ ಹಿಂದೆ ನಿಲ್ಲುವ ಆ ಯುವಕ ಯುವತಿಯರಿಗೆ ಉತ್ತರ ಕೊಡುವ ಮುಂಚೆ ನಾವು ಕುರ್ಚಿಯೊಂದನ್ನು ಎಳೆದುಕೊಂಡು ಅವರನ್ನು ಕುಳ್ಳಿರಿಸಿ, ಅವರು ಏನನ್ನು ಕಂಡಿದ್ದಾರೆ, ಏನನ್ನು ಇನ್ನೂ ಕಂಡಿಲ್ಲ ಎಂಬುದನ್ನು ಕೇಳೋಣ. ಅಭಾವವಿದ್ದರೆ ಕಾಯೋಣ. ನಿರಾಕರಣೆಯಿದ್ದರೆ ಬೆಂಕಿಯ ಬಳಿಗೆ ಕರೆಯೋಣ. ಎರಡರಲ್ಲಿಯೂ ನಮ್ಮ ಆಧಾರ ಅವರ ನಂಬಿಕೆಯ ಅಳತೆಯಲ್ಲ, ನಮ್ಮದೂ ಅಲ್ಲ. ತನ್ನನ್ನು ತಾನು ಅಲ್ಲಗಳೆಯಲಾರದ ದೇವರ ನಂಬಿಗಸ್ತಿಕೆಯೇ ನಮ್ಮ ಆಧಾರ.